ಬೂಫರ್ ಪೆಟ್ಟಿಗೆ ಕೆಟ್ಟರೆ: ರಿಪೇರಿಯೋ, ಹೊಸದೋ?



ಹೊಂಗಡಹಳ್ಳದ ಸುತ್ತಿನ ಊರುಗಳಲ್ಲಿ ಗ್ರಾಮಸೇವಕನನ್ನು ದಾರಿಯಲ್ಲಿ ತಡೆದು ಜನರು ಕೇಳುವುದು ಸಾಮಾನ್ಯವಾಗಿ ಬೋರ್ಡೋ ದ್ರಾವಣದ ಅಳತೆ, ಮೆಣಸಿನ ಬಳ್ಳಿಗೆ ಹತ್ತಿದ ಸೊರಗು ರೋಗ, ತೋಟಕ್ಕೆ ಸುಣ್ಣ ಹಾಕುವ ಕಾಲ, ಇಂಥ ಮಾತುಗಳು. ಆದರೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಬಂದು ಹೋದ ಕೂಡಲೆ ಇನ್ನೊಂದು ಪ್ರಶ್ನೆಯೂ ಬರುವುದುಂಟು: “ನಮ್ಮನೆ ಬೂಫರ್ ಸದ್ದೇ ಮಾಡ್ತಿಲ್ಲ ಸಾರ್. ರಿಪೇರಿ ಮಾಡ್ಸೋದೋ, ಹೊಸದು ತರೋದೋ?”

ಇದು ಕೃಷಿಯ ವಿಷಯವಲ್ಲವೆಂದು ತಳ್ಳಿಹಾಕುವಂತಿಲ್ಲ. ಸಾಧಾರಣ ಸೆಟ್ಟೊಂದಕ್ಕೆ ಮೂರು ಸಾವಿರದಿಂದ ಹತ್ತು ಸಾವಿರ ರೂಪಾಯಿಯವರೆಗೆ ಬೆಲೆಯುಂಟು. ಲೈನ್ ಮನೆಯಲ್ಲಿ ವಾಸಿಸುವ ಒಂದು ಸಂಸಾರಕ್ಕೆ ಅದು ಎಷ್ಟೋ ವಾರದ ಬಟವಾಡೆಯಲ್ಲಿ ಮಿಗಿಸಿದ ಹಣ. ಭಜನಾ ಮಂಡಳಿಗೆ ಅದು ಮನೆಮನೆ ತಿರುಗಿ ಕೂಡಿಸಿದ ಚಂದಾ. ಈ ಹಣ ಎರಡು ದಾರಿಯಲ್ಲಿ ಪೋಲಾಗುತ್ತಿದೆ. ಇಪ್ಪತ್ತು ರೂಪಾಯಿಯ ಫ್ಯೂಸು ಹೋದದ್ದಕ್ಕೆ ಇಡೀ ಸೆಟ್ಟನ್ನು ಅಟ್ಟಕ್ಕೆ ಎಸೆದು ಕಂತಿನ ಸಾಲದಲ್ಲಿ ಹೊಸದನ್ನು ತರುವುದು ಒಂದು ದಾರಿ. ಇನ್ನು ಎಂದಿಗೂ ಸರಿಹೋಗದ ಪೆಟ್ಟಿಗೆಯನ್ನು ವರ್ಷಕ್ಕೆ ಮೂರು ಸಲ ಪೇಟೆಗೆ ಹೊತ್ತು, ಹೊಸದರ ಬೆಲೆಯನ್ನೇ ಚಿಲ್ಲರೆಯಾಗಿ ತೆತ್ತು ಬರುವುದು ಇನ್ನೊಂದು. ಯಾವುದು ಯಾವಾಗ ಸರಿ ಎಂಬುದನ್ನು ನೀವೇ ಮನೆಯಲ್ಲಿ ಕುಳಿತು ಮುಕ್ಕಾಲು ಪಾಲು ತೀರ್ಮಾನಿಸಬಹುದು. ಅದು ಹೇಗೆಂದು ತಿಳಿಸುವುದೇ ಈ ಲೇಖನದ ಉದ್ದೇಶ.

ಸಬ್‌ವೂಫರ್ ಎಂಬುದು ಅಂಗಡಿಯವರು ಹೇಳುವ ಹೆಸರು. ನಮ್ಮಲ್ಲಿ ಬೂಫರ್ ಎಂದೇ ರೂಢಿಯಾದುದರಿಂದ ನಾನೂ ಹಾಗೆಯೇ ಕರೆಯುತ್ತೇನೆ.

ಪೆಟ್ಟಿಗೆಯೊಳಗೆ ಏನಿದೆ?

ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20 ಕಂಪನದಿಂದ 20,000 ಕಂಪನದವರೆಗಿನ ಸದ್ದು ಕೇಳಿಸುತ್ತದೆ. ಇದರಲ್ಲಿ ತೀರ ಕೆಳಗಿನ, ಅಂದರೆ 20ರಿಂದ 120ರ ಆಸುಪಾಸಿನವರೆಗಿನ, ಡೊಳ್ಳಿನ ಗುಮ್ಮೆನ್ನುವ ಸದ್ದಿನಂಥದನ್ನು ಹೊರಡಿಸುವುದು ಬೂಫರಿನ ಕೆಲಸ. ಅದಕ್ಕೆ ಹೆಚ್ಚು ಗಾಳಿಯನ್ನು ತಳ್ಳಬೇಕು. ಆದುದರಿಂದಲೇ ಅದರ ಸ್ಪೀಕರು ದೊಡ್ಡದು, ಪೆಟ್ಟಿಗೆ ಭಾರ, ಕರೆಂಟಿನ ಅಗತ್ಯವೂ ಹೆಚ್ಚು.

ಕಾಗದದ ಕೋನಿಗೆ ತಾಮ್ರದ ತಂತಿಯ ಸುರುಳಿಯನ್ನು ಅಂಟಿಸಿ, ಅದನ್ನು ಅಯಸ್ಕಾಂತದ ಸಂದಿನಲ್ಲಿ ಹಿಂದೆ ಮುಂದೆ ಆಡಲು ಬಿಡುವ ಯುಕ್ತಿಯನ್ನು ಇಂದಿನ ರೂಪಕ್ಕೆ ತಂದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಎಂಬ ಇಬ್ಬರು. ಅವರು ಅದನ್ನು ಪ್ರಕಟಿಸಿದ್ದು 1925ರಲ್ಲಿ. ನಮ್ಮ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾದದ್ದೂ ಅದೇ ವರ್ಷ. ಈ ನೂರು ವರ್ಷಗಳಲ್ಲಿ ಸ್ಪೀಕರಿನ ಮೂಲ ಕಟ್ಟು ಬದಲಾಗಿಲ್ಲ. ಬದಲಾಗಿರುವುದು ಅದಕ್ಕೆ ಶಕ್ತಿ ಕೊಡುವ ಆಂಪ್ಲಿಫೈಯರು. ಮೊದಲು ಗಾಜಿನ ವಾಲ್ವು, ಆಮೇಲೆ ಟ್ರಾನ್ಸಿಸ್ಟರು, ಆಮೇಲೆ ಬೆರಳುದ್ದದ ಐಸಿ, ಈಗ ಕಾಳಿನಷ್ಟು ಸಣ್ಣ ಚಿಪ್ಪು. ಈ ಕೊನೆಯ ಸಂಗತಿಯನ್ನು ನೆನಪಿಟ್ಟುಕೊಳ್ಳಿ. ರಿಪೇರಿ ಆಗುತ್ತದೆಯೋ ಇಲ್ಲವೋ ಎಂಬುದು ಬಹಳಮಟ್ಟಿಗೆ ಇದರ ಮೇಲೆಯೇ ನಿಂತಿದೆ.

ಹೀಗೆ ಬೂಫರ್ ಎಂದರೆ ಮೂರು ವಸ್ತು: ಮರದ ಪೆಟ್ಟಿಗೆ, ಸ್ಪೀಕರು, ಕರೆಂಟಿನ ಭಾಗ ಸಮೇತವಾದ ಆಂಪ್ಲಿಫೈಯರ್ ಬೋರ್ಡು. ನಮ್ಮ ಮನೆಗಳಲ್ಲಿರುವ ಬಹುತೇಕ ಸೆಟ್ಟುಗಳಲ್ಲಿ ಪಕ್ಕದ ಸಣ್ಣ ಡಬ್ಬಿಗಳ ಆಂಪ್ಲಿಫೈಯರು ಕೂಡ ದೊಡ್ಡ ಪೆಟ್ಟಿಗೆಯೊಳಗೇ ಇರುತ್ತದೆ. ಆ ಸಣ್ಣ ಡಬ್ಬಿಗಳಲ್ಲಿ ಸ್ಪೀಕರು ಬಿಟ್ಟರೆ ಬೇರೇನೂ ಇಲ್ಲ. ಆದುದರಿಂದ ಬೂಫರ್ ಸತ್ತರೆ ಎಲ್ಲ ಡಬ್ಬಿಗಳೂ ಒಟ್ಟಿಗೆ ಮೌನವಾಗುತ್ತವೆ. ಇದನ್ನು ನೋಡಿ “ಐದೂ ಸುಟ್ಟುಹೋಗಿವೆ” ಎಂದು ಗಾಬರಿ ಬೀಳುವವರುಂಟು. ಹಾಗಲ್ಲ. ಕೆಟ್ಟಿರುವುದು ಒಂದೇ ಬೋರ್ಡಿರಬಹುದು.

ಕೈ ಹಾಕುವ ಮೊದಲು

ಇದನ್ನು ಮಾತ್ರ ದಯವಿಟ್ಟು ಎರಡು ಸಲ ಓದಿ. ಪ್ಲಗ್ಗನ್ನು ಗೋಡೆಯಿಂದ ಕಿತ್ತು ಇಟ್ಟ ಹೊರತು ಪೆಟ್ಟಿಗೆಯ ಒಂದು ಸ್ಕ್ರೂವನ್ನೂ ತಿರುಗಿಸಕೂಡದು. ಸ್ವಿಚ್ಚು ಆರಿಸಿದರೆ ಸಾಲದು. ನಮ್ಮ ಎಷ್ಟೋ ಹಳೆಯ ಮನೆಗಳಲ್ಲಿ ಸ್ವಿಚ್ಚು ಫೇಸಿನ ಬದಲು ನ್ಯೂಟ್ರಲ್ ತಂತಿಗೆ ಬಿದ್ದಿರುತ್ತದೆ. ಆರಿದಂತೆ ಕಂಡರೂ ಒಳಗೆ 230 ವೋಲ್ಟು ನಿಂತೇ ಇರುತ್ತದೆ.

ಹಳೆಯ ಸೆಟ್ಟುಗಳಲ್ಲಿ ಕಬ್ಬಿಣದ ಪಟ್ಟಿಗಳ ಭಾರವಾದ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಪೆಟ್ಟಿಗೆ ಎತ್ತಿದರೆ ಒಂದು ಕಡೆಗೆ ಭಾರ ವಾಲುವುದರಿಂದ ಇದು ಗೊತ್ತಾಗುತ್ತದೆ. ಹೊಸ ಸೆಟ್ಟುಗಳಲ್ಲಿ ಅದರ ಬದಲು ಎಸ್‌ಎಂಪಿಎಸ್ ಎಂಬ ಹಗುರವಾದ ಬೋರ್ಡು ಇರುತ್ತದೆ. ಆ ಬೋರ್ಡಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟು ತುಂಬಿಕೊಂಡಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು, ಪ್ರಾಣಕ್ಕೆ ಅಪಾಯ. ಎತ್ತಿದಾಗ ಹಗುರವಾಗಿರುವ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚಲೇಬೇಡಿ. ಹುಡುಗರು ಮೊಬೈಲಿನಲ್ಲಿ ವೀಡಿಯೊ ನೋಡಿಕೊಂಡು ಸ್ಕ್ರೂ ಡ್ರೈವರ್ ಹಿಡಿದರೆ ಹಿರಿಯರು ತಡೆಯಬೇಕು. ಒಂದು ಸೆಟ್ಟಿನ ಬೆಲೆಗೂ ಒಂದು ಜೀವಕ್ಕೂ ಲೆಕ್ಕ ಹೊಂದುವುದಿಲ್ಲ.

ಪೆಟ್ಟಿಗೆ ಬಿಚ್ಚದೆಯೇ ಮಾಡಬಹುದಾದ ಪರೀಕ್ಷೆಗಳು ಬೇಕಾದಷ್ಟಿವೆ. ಅವುಗಳನ್ನೇ ಮುಂದೆ ಹೇಳುತ್ತೇನೆ.

ಖರ್ಚಿಲ್ಲದ ಪರೀಕ್ಷೆ

ಮೊದಲು ಅದೇ ಪ್ಲಗ್ ಪಾಯಿಂಟಿಗೆ ಮೊಬೈಲ್ ಚಾರ್ಜರ್ ಹಾಕಿ ನೋಡಿ. ಪಾಯಿಂಟಿನಲ್ಲೇ ಕರೆಂಟ್ ಇಲ್ಲದಿರಬಹುದು. ಆಮೇಲೆ ರಿಮೋಟಿನಲ್ಲಿ ಯಾವ ಮೋಡಿದೆ ನೋಡಿ. ಟಿ.ವಿ. ವೈರು ಆಕ್ಸ್‌ಗೆ ಹಾಕಿದ್ದು, ಸೆಟ್ಟು ಬ್ಲೂಟೂತ್‌ನಲ್ಲಿದ್ದರೆ ಸದ್ದು ಬರುವುದೆಲ್ಲಿಂದ? ಒಂದಕ್ಕೊಂದು ಅಂಟಿಕೊಂಡ ಲೈನ್ ಮನೆಗಳಲ್ಲಿ ಇದು ಇನ್ನೂ ತಮಾಷೆ. ಸೆಟ್ಟು ಪಕ್ಕದ ಮನೆಯವರ ಮೊಬೈಲಿಗೆ ಜೋಡಿಯಾಗಿ ಸುಮ್ಮನೆ ಕುಳಿತಿರುತ್ತದೆ, ಇವರು “ಕೆಟ್ಟೋಯ್ತು” ಎಂದು ಪೇಟೆಯ ಬಸ್ಸಿಗೆ ಕಾಯುತ್ತಿರುತ್ತಾರೆ. ಬೂಫರಿನ ಹಿಂದಿರುವ ಬಾಸ್ ತಿರುಪನ್ನು ಮಕ್ಕಳು ಸೊನ್ನೆಗೆ ತಿರುಗಿಸಿಟ್ಟಿರುವುದೂ ಉಂಟು.

ಇಷ್ಟಾದ ಮೇಲೂ ಸರಿಹೋಗದಿದ್ದರೆ ಲಕ್ಷಣ ನೋಡಿ.

ದೀಪವೇ ಹತ್ತುವುದಿಲ್ಲ: ವೈರು, ಪಿನ್ನು, ಫ್ಯೂಸು, ಇವು ಮೂರರಲ್ಲಿ ಒಂದು ಎಂದು ಮೊದಲು ತಿಳಿಯಬೇಕು. ಅನೇಕ ಸೆಟ್ಟುಗಳಲ್ಲಿ ಫ್ಯೂಸು ಹೊರಗಿನಿಂದಲೇ ತೆಗೆಯುವಂತೆ ಹಿಂಭಾಗದಲ್ಲಿರುತ್ತದೆ. ಗಾಜಿನ ಕೊಳವೆಯೊಳಗೆ ತಂತಿ ಸುಮ್ಮನೆ ತುಂಡಾಗಿದ್ದರೆ ಸಣ್ಣ ದೋಷವಿರಬಹುದು. ಅಷ್ಟೇ ಆಂಪಿಯರಿನ ಹೊಸ ಫ್ಯೂಸು ಒಂದು ಸಲ ಹಾಕಿ ನೋಡಬಹುದು. ಗಾಜು ಕಪ್ಪಾಗಿ ಮಸಿ ಹಿಡಿದಿದ್ದರೆ ಒಳಗೆ ಶಾರ್ಟ್ ಆಗಿದೆ ಎಂದೇ ಅರ್ಥ. ಆಗ ಇನ್ನೊಂದು ಫ್ಯೂಸು ಹಾಕಿದರೆ ಅದೂ ಹೋಗುತ್ತದೆ. ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಸುತ್ತುವ ಅಭ್ಯಾಸ ನಮ್ಮಲ್ಲಿದೆ. ಹಾಗೆ ಸುತ್ತಿದರೆ ಇನ್ನೂರು ರೂಪಾಯಿಯ ರಿಪೇರಿ ಟ್ರಾನ್ಸ್‌ಫಾರ್ಮರ್ ಸುಡುವ ರಿಪೇರಿಯಾಗುತ್ತದೆ, ಕೆಲವು ವೇಳೆ ಮನೆಗೇ ಬೆಂಕಿ.

ದೀಪ ಹತ್ತುತ್ತದೆ, ಆದರೆ ‘ಹೂಂ’ ಎಂಬ ಗುಂಯ್‌ಗಾಟ: ಟಿ.ವಿ.ಯಿಂದ ಬರುವ ವೈರನ್ನು ಬೂಫರಿನಿಂದ ಕಿತ್ತುಬಿಡಿ. ಗುಂಯ್‌ಗಾಟ ನಿಂತರೆ ದೋಷ ವೈರಿನಲ್ಲೋ ಟಿ.ವಿ. ಕಡೆಯಲ್ಲೋ ಇದೆ. ವೈರಿಗೆ ಎಂಬತ್ತೋ ನೂರೋ ರೂಪಾಯಿ ಸಾಕು. ಕಿತ್ತ ಮೇಲೂ ನಿಲ್ಲದಿದ್ದರೆ ಒಳಗಿನ ದೊಡ್ಡ ಕೆಪಾಸಿಟರು ಒಣಗಿದೆ ಎಂದು ಊಹಿಸಬಹುದು. ಕೆಪಾಸಿಟರು ಶಾಖಕ್ಕೆ ಬೇಗ ಮುದಿಯಾಗುವ ವಸ್ತು. ಶಾಖ ಪ್ರತಿ 10 ಡಿಗ್ರಿ ಏರಿದರೂ ಅದರ ಆಯುಸ್ಸು ಸುಮಾರು ಅರ್ಧವಾಗುತ್ತದೆಂದು ಲೆಕ್ಕ. ಇದು ಸುಲಭದ ರಿಪೇರಿ. ಹಿಂಜರಿಯಬೇಡಿ, ಮಾಡಿಸಿ.

ಸಣ್ಣ ಡಬ್ಬಿಗಳು ಹಾಡುತ್ತವೆ, ಬೂಫರ್ ಮಾತ್ರ ಇಲ್ಲ: ಕರೆಂಟಿನ ಭಾಗ ಚೆನ್ನಾಗಿದೆ ಎಂಬುದು ಇದರಿಂದಲೇ ಸಿದ್ಧವಾಯಿತು. ಉಳಿದದ್ದು ಬೂಫರಿನ ಸ್ಪೀಕರು ಇಲ್ಲವೇ ಅದಕ್ಕೆ ಸೇರಿದ ಐಸಿ. ಸೆಟ್ಟಿನ ಪ್ಲಗ್ ಕಿತ್ತು, ಕೋನಿನ ನಡುವಿನ ಗುಬ್ಬಿಯ ಎರಡೂ ಪಕ್ಕಕ್ಕೆ ಹೆಬ್ಬೆರಳುಗಳನ್ನಿಟ್ಟು ಮೆಲ್ಲಗೆ, ಸಮನಾಗಿ ಒಳಕ್ಕೆ ಒತ್ತಿ. ಮೃದುವಾಗಿ ಹೋಗಿ ಬಂದರೆ ಒಳ್ಳೆಯದು. ಮರಳು ಉಜ್ಜಿದಂತೆ ಕರಕರ ಸದ್ದಾದರೆ ಅಥವಾ ಕಲ್ಲಿನಂತೆ ಹಿಡಿದುಕೊಂಡಿದ್ದರೆ ಸುರುಳಿ ಸುಟ್ಟು ಉಬ್ಬಿದೆ.

ಸದ್ದು ಬರುತ್ತದೆ, ಆದರೆ ಪಟಪಟ ಹರಿದಂತೆ: ಕೋನಿನ ಅಂಚಿನ ಸುತ್ತು ಪಟ್ಟಿಯನ್ನು ಟಾರ್ಚ್ ಹಿಡಿದು ನೋಡಿ. ಅದು ಸ್ಪಂಜಿನದಾದರೆ ಮಲೆನಾಡಿನ ತೇವಕ್ಕೆ ಕೆಲವು ವರ್ಷಗಳಲ್ಲೇ ಪುಡಿಯಾಗುತ್ತದೆ. ರಬ್ಬರಿನದಾದರೆ ಹೆಚ್ಚು ಕಾಲ ಬಾಳುತ್ತದೆ. ಪಟ್ಟಿ ಮಾತ್ರ ಹರಿದಿದ್ದರೆ ಪಟ್ಟಿ ಮಾತ್ರ ಹಾಕಿಸಬಹುದು.

ಸ್ಪೀಕರನ್ನು ಬಿಚ್ಚಿ ಹೊರಗೆ ತೆಗೆದಿದ್ದರೆ ಇನ್ನೂ ಒಂದು ಪರೀಕ್ಷೆಯುಂಟು. ಅದರ ಎರಡೂ ವೈರುಗಳನ್ನು ಬೋರ್ಡಿನಿಂದ ಬಿಡಿಸಿ, ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ಲಿಗೆ ಕ್ಷಣ ಮಾತ್ರ ತಾಗಿಸಬೇಕು. ಟಕ್ಕೆಂದು ಸದ್ದಾಗಿ ಕೋನು ಅಲುಗಿದರೆ ಸುರುಳಿ ಜೀವಂತವಾಗಿದೆ. ಮಲ್ಟಿಮೀಟರ್ ಇದ್ದವರು ಓಮ್ ನೋಡಬಹುದು. 4 ಓಮ್ ಎಂದು ಬರೆದ ಸ್ಪೀಕರು ಮೂರೂ ಚಿಲ್ಲರೆ, 8 ಓಮ್ ಎಂದು ಬರೆದದ್ದು ಆರರ ಆಸುಪಾಸು ತೋರಿಸುವುದು ಸರಿಯೇ. ಏನನ್ನೂ ತೋರಿಸದಿದ್ದರೆ ತಂತಿ ತುಂಡಾಗಿದೆ.

ಇಲ್ಲಿ ಒಂದು ಎಚ್ಚರಿಕೆ. ಸುರುಳಿ ಸುಟ್ಟಿದ್ದರೆ ಹೊಸ ಸ್ಪೀಕರು ತಂದು ಹಾಕಿಬಿಡುವ ಆತುರ ಬೇಡ. ಆಂಪ್ಲಿಫೈಯರಿನ ಐಸಿ ಶಾರ್ಟ್ ಆದಾಗ ಅದು ಸ್ಪೀಕರಿಗೆ ಸಂಗೀತದ ಬದಲು ನೇರ ಕರೆಂಟನ್ನು ಕಳಿಸುತ್ತದೆ, ಸುರುಳಿ ಅದರಿಂದಲೇ ಸುಟ್ಟಿರಬಹುದು. ಬೋರ್ಡನ್ನು ಪರೀಕ್ಷಿಸದೆ ಹೊಸ ಸ್ಪೀಕರು ಹಾಕಿದರೆ ಅದೂ ನಿಮಿಷದೊಳಗೆ ಬೂದಿ. ಮೊದಲು ಬೋರ್ಡು, ಆಮೇಲೆ ಸ್ಪೀಕರು ಎಂಬ ಕ್ರಮವನ್ನು ರಿಪೇರಿಯವರಿಗೂ ನೆನಪಿಸಿದರೆ ತಪ್ಪಿಲ್ಲ.

ನಮ್ಮ ಮಲೆನಾಡಿನ ಶತ್ರುಗಳು

ಬಯಲು ಸೀಮೆಯಲ್ಲಿ ಹತ್ತು ವರ್ಷ ಬಾಳುವ ಸೆಟ್ಟು ಇಲ್ಲಿ ಅಷ್ಟು ಬಾಳದಿರುವುದಕ್ಕೆ ಕಾರಣಗಳಿವೆ. ಮೊದಲನೆಯದು ತೇವ. ಪೆಟ್ಟಿಗೆಯನ್ನು ಮರದ್ದೆಂದು ಹೇಳುತ್ತೇವಾದರೂ ಅದು ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿದ ಹಲಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆವರುವ ನೆಲದ ಮೇಲೆ, ಒದ್ದೆ ಗೋಡೆಗೆ ಆನಿಸಿ ಇಟ್ಟರೆ ತಳದಿಂದ ನೀರು ಹೀರಿ ಬಿಸ್ಕತ್ತಿನಂತೆ ಉಬ್ಬುತ್ತದೆ. ಉಬ್ಬಿದ ಹಲಗೆಯ ಸಂದಿಯಿಂದ ಗಾಳಿ ಸೋರಿ ಸದ್ದು ಬಡಕಲಾಗುತ್ತದೆ, ಸ್ಕ್ರೂ ಹಿಡಿಯುವುದಿಲ್ಲ. ಇದಕ್ಕೆ ಔಷಧವಿಲ್ಲ. ಎರಡು ಇಟ್ಟಿಗೆಯ ಮೇಲೆ ಒಂದು ಹಲಗೆಯಿಟ್ಟು ಅದರ ಮೇಲೆ ಕೂರಿಸಿ, ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದಿಡುವುದೇ ಉಪಾಯ. ಮಳೆಗಾಲದಲ್ಲಿ ದಿನಕ್ಕೆ ಅರ್ಧ ಗಂಟೆ ಹಾಡಿಸುತ್ತಿದ್ದರೆ ಒಳಗಿನ ಶಾಖಕ್ಕೆ ಬೋರ್ಡೂ ಒಣಗಿರುತ್ತದೆ. ಮೂರು ತಿಂಗಳು ಬಟ್ಟೆ ಮುಚ್ಚಿಟ್ಟ ಸೆಟ್ಟೇ ಹೆಚ್ಚಾಗಿ ಕೆಡುವುದು.

ಬೂಫರಿನ ಪಕ್ಕದಲ್ಲೋ ಹಿಂದೆಯೋ ಗಾಳಿಯಾಡಲು ಒಂದು ತೂತಿರುತ್ತದಲ್ಲ, ಅದು ಇಲಿ ಮತ್ತು ಜಿರಳೆಗಳಿಗೆ ಹೆಬ್ಬಾಗಿಲು. ಅಲ್ಲಿಗೆ ಕಬ್ಬಿಣದ ತೆಳು ಜಾಲರಿ ಕಟ್ಟಿ. ಬಟ್ಟೆ ತುರುಕಬೇಡಿ. ಗಾಳಿ ಆಡದಿದ್ದರೆ ಆ ತೂತು ಇರುವುದೇ ವ್ಯರ್ಥ.

ಮೂರನೆಯದು ಸಿಡಿಲು. ಗುಡುಗು ಕೇಳಿಸಿದ ಮೇಲೆ ಪ್ಲಗ್ ಕೀಳಲು ಓಡುವುದು ಅಪಾಯ. ಮೋಡ ಕವಿಯುವಾಗಲೇ ಕಿತ್ತಿಡಬೇಕು. ಸೆಟ್ಟಿನ ಪ್ಲಗ್ ಮಾತ್ರವಲ್ಲ, ಡಿಶ್ ಅಥವಾ ಕೇಬಲ್ ವೈರನ್ನೂ ಟಿ.ವಿ.ಯಿಂದ ಕೀಳಬೇಕು. ಸಿಡಿಲಿನ ಹೊಡೆತ ಛಾವಣಿಯ ಮೇಲಿನ ಡಿಶ್‌ನಿಂದ ಟಿ.ವಿ.ಗೆ, ಟಿ.ವಿ.ಯಿಂದ ಆಕ್ಸ್ ವೈರಿನ ಮೂಲಕ ಬೂಫರಿಗೆ ಬರುವುದೂ ಉಂಟು. ಸ್ಪೈಕ್ ಗಾರ್ಡ್ ಇದೆಯೆಂಬ ಧೈರ್ಯ ಇದಕ್ಕೆ ಸಾಲದು.

ನಾಲ್ಕನೆಯದನ್ನು ಬಹಳ ಜನ ಬಲ್ಲವರಲ್ಲ. ಮಳೆ ಗಾಳಿಗೆ ಲೈನಿನ ಮೇಲೆ ಸಿಲ್ವರ್ ಮರವೋ ಕೊಂಬೆಯೋ ಬಿದ್ದು ನ್ಯೂಟ್ರಲ್ ತಂತಿ ತುಂಡಾದರೆ ಕೆಲವು ಮನೆಗಳಿಗೆ 230ರ ಬದಲು 300, 400 ವೋಲ್ಟಿನವರೆಗೆ ನುಗ್ಗುತ್ತದೆ. ಇದ್ದಕ್ಕಿದ್ದಂತೆ ಬಲ್ಬುಗಳು ಕಣ್ಣು ಕುಕ್ಕುವಂತೆ ಉರಿದರೆ ಅಥವಾ ಫ್ಯಾನು ಭರ್ರೆಂದು ತಿರುಗಿದರೆ ಮೀನಮೇಷ ಎಣಿಸದೆ ಮೇನ್ ಸ್ವಿಚ್ ಆರಿಸಿ, 1912ಕ್ಕೆ ದೂರು ಕೊಡಿ. ಒಂದೇ ಹೊತ್ತಿನಲ್ಲಿ ನಾಲ್ಕಾರು ಮನೆಗಳ ವಸ್ತುಗಳು ಕೆಟ್ಟಿದ್ದರೆ ಕಾರಣ ಇದೇ ಇರಬಹುದು. ಆಗ ಎಲ್ಲರೂ ಒಟ್ಟಾಗಿ, ದಿನಾಂಕ, ವೇಳೆ, ಕೆಟ್ಟ ವಸ್ತುಗಳ ಪಟ್ಟಿ ಸಮೇತ ಸೆಸ್ಕ್ ಕಚೇರಿಗೆ ಬರಹದಲ್ಲಿ ಅರ್ಜಿ ಕೊಟ್ಟು ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಬೇಕು. ಲೈನು ಸರಿಪಡಿಸದೆ ಬೂಫರ್ ರಿಪೇರಿ ಮಾಡಿಸಿ ತಂದರೆ ಮತ್ತೆ ಅದೇ ಗತಿ.

ತೀರ್ಮಾನ ಮಾಡುವ ಬಗೆ

ತೋಟದವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಹಳೆಯ ಕಾಫಿ ಗಿಡ ಫಸಲು ಬಿಡದಿದ್ದಾಗ ನೀವು ಏನು ಮಾಡುತ್ತೀರಿ? ಬೇರು ಮತ್ತು ಬೊಡ್ಡೆ ಗಟ್ಟಿಯಿದ್ದರೆ ಮೇಲಕ್ಕೆ ಕತ್ತರಿಸಿ ಹೊಸ ಚಿಗುರು ತೆಗೆಯುತ್ತೀರಿ. ಕಾಂಡಕೊರಕ ಹೊಕ್ಕ ಅರೇಬಿಕಾ ಗಿಡವಾದರೆ ಎಷ್ಟೇ ಮಮತೆಯಿದ್ದರೂ ಬುಡಸಮೇತ ಕಿತ್ತು ಸುಡುತ್ತೀರಿ. ಬೂಫರಿಗೆ ಪೆಟ್ಟಿಗೆ ಮತ್ತು ಟ್ರಾನ್ಸ್‌ಫಾರ್ಮರೇ ಬೊಡ್ಡೆ. ಇವೆರಡೂ ಗಟ್ಟಿಯಿದ್ದರೆ ಐಸಿ, ಕೆಪಾಸಿಟರು, ಡಯೋಡು, ಸ್ಪೀಕರು ಎಲ್ಲವೂ ಚಿಗುರಿನಂತೆ ಹೊಸದಾಗಿ ಬರುವಂಥವು. ಪೆಟ್ಟಿಗೆ ಉಬ್ಬಿದ್ದರೆ ಅದು ಕಾಂಡಕೊರಕ.

ಆಮೇಲೆ ಹಣದ ಲೆಕ್ಕ. ಹೊಸದರ ಬೆಲೆಯ ಅರ್ಧಕ್ಕಿಂತ ಕಡಿಮೆಯಾದರೆ ರಿಪೇರಿ ಮಾಡಿಸಬಹುದೆಂದು ಸಾಮಾನ್ಯವಾಗಿ ಹೇಳುವುದುಂಟು. ನನ್ನ ಅಭಿಪ್ರಾಯದಲ್ಲಿ ಐದು ವರ್ಷ ದಾಟಿದ ಸೆಟ್ಟಿಗೆ ಅರ್ಧ ಹೆಚ್ಚಾಯಿತು, ಮೂರನೆಯ ಒಂದು ಪಾಲಿಗೆ ನಿಲ್ಲಿಸಬೇಕು. ಇದಕ್ಕಿಂತಲೂ ಸರಿಯಾದ ಕ್ರಮವೆಂದರೆ ವರ್ಷದ ಲೆಕ್ಕ. ರಿಪೇರಿಯ ಮಜೂರಿ, ಸಾಮಾನು, ಬಸ್ ಚಾರ್ಜು, ಹೋದ ದಿನದ ಕೂಲಿ, ಇಷ್ಟನ್ನೂ ಕೂಡಿಸಿ, ಇನ್ನೆಷ್ಟು ವರ್ಷ ಬಾಳೀತು ಎಂಬುದರಿಂದ ಭಾಗಿಸಿ. ಹೊಸದರ ಬೆಲೆಯನ್ನೂ ಹಾಗೆಯೇ ಭಾಗಿಸಿ. ಕೂಲಿಯನ್ನು ಬಿಟ್ಟು ಲೆಕ್ಕ ಹಾಕುವವರೇ ಹೆಚ್ಚು. ನಮ್ಮ ಊರುಗಳಿಂದ ಸಕಲೇಶಪುರಕ್ಕೆ ಹೋಗಿ ಬರುವುದೆಂದರೆ ಒಂದು ದಿನ ಹೋದಂತೆಯೇ, ಕೊಡಲು ಒಮ್ಮೆ, ತರಲು ಒಮ್ಮೆ ಎಂದರೆ ಎರಡು ದಿನ.

ಎರಡು ಮನೆಯ ಸಂಗತಿ ಹೇಳಿದರೆ ಇದು ಸ್ಪಷ್ಟವಾದೀತು.

ಒಂದು ಲೈನ್ ಮನೆ. ಮೇ ತಿಂಗಳ ಗುಡುಗಿನ ರಾತ್ರಿ ಸೆಟ್ಟು ಆರಿಹೋಯಿತು. ಬೆಳಗಾಗುವುದರೊಳಗೆ ಮಗ ಮೊಬೈಲಿನಲ್ಲಿ ಏಳು ಸಾವಿರದ ಹೊಸ ಸೆಟ್ಟನ್ನು ಕಂತಿನ ಮೇಲೆ ಆರಿಸಿಟ್ಟಿದ್ದ. ತಾಯಿ ಒಪ್ಪಲಿಲ್ಲ. “ಮಳೆ ಹಿಡ್ದ್ರೆ ವಾರಕ್ಕೆ ಮೂರು ದಿನ ಕೆಲ್ಸ ಸಿಕ್ಕಿದ್ರೆ ಹೆಚ್ಚು ಮಗಾ. ಕಂತು ಯಾರ್ ಕಟ್ತಾರೆ?” ಎಂದಳು. ಪೆಟ್ಟಿಗೆ ಗಟ್ಟಿಯಾಗಿತ್ತು, ಭಾರ ಒಂದು ಕಡೆ ವಾಲುತ್ತಿತ್ತು, ಫ್ಯೂಸು ಮಾತ್ರ ಮಸಿಯಾಗಿತ್ತು. ರಿಪೇರಿಯವರು ಎರಡು ಡಯೋಡು ಮತ್ತು ಒಂದು ಐಸಿ ಬದಲಾಯಿಸಿ 650 ರೂಪಾಯಿ ತೆಗೆದುಕೊಂಡರು. ಬಸ್ಸು, ಕೂಲಿ ಸೇರಿ 1,250 ಎನ್ನಿ. ಮೂರು ವರ್ಷ ಬಾಳಿದರೂ ವರ್ಷಕ್ಕೆ ನಾನೂರು ಚಿಲ್ಲರೆ. ಹೊಸದು ಆರು ವರ್ಷ ಬಾಳುತ್ತದೆಂದು ಹಿಡಿದರೂ ವರ್ಷಕ್ಕೆ ಸಾವಿರದ ನೂರಕ್ಕೆ ಮೇಲೆ, ಕಂತಿನ ಶುಲ್ಕ ಬೇರೆ. ಮಗ ನಾಲ್ಕು ದಿನ ಮುಖ ಊದಿಸಿಕೊಂಡಿದ್ದನಂತೆ. ಸೆಟ್ಟು ಈಗ ಚೆನ್ನಾಗಿ ಹಾಡುತ್ತಿದೆ.

ಇನ್ನೊಂದು ಭಜನಾ ಮಂಡಳಿ. ಅವರ ದೊಡ್ಡ ಬೂಫರನ್ನು ಕೊಡಿಸಿದ ಹಿರಿಯರು ಈಗಿಲ್ಲ. ಅವರ ಹೆಸರಿನ ತಗಡು ಪೆಟ್ಟಿಗೆಯ ಮೇಲಿತ್ತು. ಸುರುಳಿ ತುಂಡಾಗಿ, ಬೋರ್ಡು ಸುಟ್ಟು, ಪೆಟ್ಟಿಗೆಯ ತಳ ನಾಲ್ಕು ಬೆರಳು ಎತ್ತರದವರೆಗೆ ಉಬ್ಬಿತ್ತು. ರಿಪೇರಿಗೆ 3,800 ಕೇಳಿದ್ದರು, ಹೋಗಿಬರುವ ಖರ್ಚು 400. ಹೊಸದಕ್ಕೆ 8,500. ಅರ್ಧಕ್ಕಿಂತ ಕಡಿಮೆಯಲ್ಲವೇ, ದಾನಿಗಳ ನೆನಪೂ ಉಳಿಯುತ್ತದೆ ಎಂದು ಕೆಲವರು ವಾದಿಸಿದರು. ಅವರ ಮಾತಿನಲ್ಲಿದ್ದ ಪ್ರೀತಿ ನನಗೂ ಅರ್ಥವಾಗುತ್ತಿತ್ತು. ಆದರೆ ಆ ಪೆಟ್ಟಿಗೆ ಇನ್ನು ಎರಡು ಮಳೆಗಾಲ ಕಳೆಯುವುದೇ ಅನುಮಾನ. 4,200ನ್ನು ಎರಡರಿಂದ ಭಾಗಿಸಿದರೆ ವರ್ಷಕ್ಕೆ 2,100. ಹೊಸದು ಆರು ವರ್ಷಕ್ಕೆ ವರ್ಷಕ್ಕೆ 1,400ರ ಆಸುಪಾಸು. ಕೊನೆಗೆ ಹೊಸದನ್ನೇ ತಂದರು. ಹಳೆಯದರಿಂದ ಹೆಸರಿನ ತಗಡನ್ನು ಜೋಪಾನವಾಗಿ ಬಿಡಿಸಿ ಹೊಸದಕ್ಕೆ ಹಾಕಿದರು. ಮೊಳೆ ಹೊಡೆಯಲು ಸುತ್ತಿಗೆ ತಂದಿದ್ದರು, ಅಂಟು ಸಾಕೆಂದು ಹೇಳಿ ನಿಲ್ಲಿಸಬೇಕಾಯಿತು.

ರಿಪೇರಿಯವರಲ್ಲಿ ಕೇಳಬೇಕಾದದ್ದು

ಗ್ಯಾರಂಟಿ ಅವಧಿ ಮುಗಿದಿಲ್ಲವಾದರೆ ಬೇರೆಯವರಲ್ಲಿ ಬಿಚ್ಚಿಸಬೇಡಿ. ಬಿಲ್ಲು ಹಿಡಿದು ಕಂಪನಿಯ ಸರ್ವಿಸಿಗೇ ಹೋಗಿ. ಸಿಡಿಲಿನಿಂದ ಕೆಟ್ಟದ್ದು ಗ್ಯಾರಂಟಿಗೆ ಸಾಮಾನ್ಯವಾಗಿ ಸೇರುವುದಿಲ್ಲ. ನ್ಯಾಯವಾದ ಗ್ಯಾರಂಟಿಯನ್ನೂ ಕೊಡದೆ ಅಲೆಸಿದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಹೇಳಬಹುದು. ಕೊಂಡವರಿಗೆ ರಿಪೇರಿಯ ಮಾಹಿತಿ ಸಿಗಲೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಅಂತರ್ಜಾಲ ತಾಣವೊಂದನ್ನೂ ತೆರೆದಿದೆ.

ಗ್ಯಾರಂಟಿ ಮುಗಿದ ಸೆಟ್ಟಾದರೆ ರಿಪೇರಿಯವರಲ್ಲಿ ಯಾವ ಭಾಗ ಹೋಗಿದೆ, ಏಕೆ ಹೋಯಿತು, ಮತ್ತೆ ಹೋದರೆ ಎಷ್ಟು ದಿನದವರೆಗೆ ನೀವು ನೋಡಿಕೊಡುತ್ತೀರಿ ಎಂದು ವಿನಯದಿಂದಲೇ ಕೇಳಿ. “ಬೋರ್ಡ್ ಹೋಗಿದೆ” ಎಂಬ ಒಂದೇ ಮಾತಿಗೆ ಒಪ್ಪಬೇಡಿ. ಬೆರಳುದ್ದದ ಐಸಿ ಇರುವ ಹಳೆಯ ಬೋರ್ಡಿನಲ್ಲಿ ಆ ಐಸಿಯೊಂದನ್ನೇ ಬದಲಾಯಿಸಬಹುದು. ಕಾಳಿನಷ್ಟು ಚಿಪ್ಪುಗಳ ಹೊಸ ಬೋರ್ಡಾದರೆ ಅದನ್ನು ಬೆಸೆಯುವ ಸಾಧನ ಎಲ್ಲರಲ್ಲೂ ಇರುವುದಿಲ್ಲ, ಪೂರ್ತಿ ಬೋರ್ಡು ಬದಲಿಸುವುದೇ ದಾರಿ. ಕಂಪನಿಯ ಬೋರ್ಡು ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೇರೆ ತಯಾರಿಕೆಯವು ದೊರೆಯುತ್ತವೆ. ಆದರೆ ನಿಮ್ಮ ಟ್ರಾನ್ಸ್‌ಫಾರ್ಮರಿನ ವೋಲ್ಟು ಮತ್ತು ಸ್ಪೀಕರಿನ ಓಮ್ ಅದಕ್ಕೆ ಹೊಂದಬೇಕು. 8 ಓಮಿಗೆಂದು ಮಾಡಿದ ಬೋರ್ಡಿಗೆ 4 ಓಮಿನ ಸ್ಪೀಕರು ಕೊಟ್ಟರೆ ಅದು ಕಾದು ಸಾಯುತ್ತದೆ.

ಸುಟ್ಟ ಸ್ಪೀಕರಿಗೆ ಹೊಸ ಸುರುಳಿ, ಹೊಸ ಕೋನು ಕಟ್ಟಿಸುವುದು ಹತ್ತು, ಹನ್ನೆರಡು ಅಂಗುಲದ ದೊಡ್ಡವಕ್ಕೆ ಲಾಭ. ನಾಲ್ಕೈದು ಅಂಗುಲದವಕ್ಕೆ ಹೊಸ ಸ್ಪೀಕರೇ ಅಗ್ಗ. ಬದಲಾಯಿಸಿದ ಹಳೆಯ ಸಾಮಾನನ್ನು ಕೇಳಿ ಪಡೆಯಿರಿ. ಅದು ಅಪನಂಬಿಕೆಯ ಮಾತಲ್ಲ. ಸ್ಪ್ರೇಯರಿನ ವಾಷರ್ ಬದಲಿಸಿದಾಗಲೂ ನೀವು ಹಾಗೆಯೇ ಮಾಡುತ್ತೀರಲ್ಲವೇ?

ಹೊಸದನ್ನೇ ತರುವುದಾದರೆ

ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಪಿ.ಎಂ.ಪಿ.ಒ. 5,000 ವ್ಯಾಟ್, 10,000 ವ್ಯಾಟ್ ಎಂದು ಬರೆದಿರುವುದನ್ನು ನಂಬಬೇಡಿ. ಅದಕ್ಕೆ ಯಾವ ನಿಶ್ಚಿತ ಅಳತೆಯೂ ಇಲ್ಲ. 230 ವೋಲ್ಟಿನ ಗೋಡೆ ಪಾಯಿಂಟಿನಲ್ಲಿ 10,000 ವ್ಯಾಟ್ ಎಳೆದರೆ ನಲವತ್ತಕ್ಕೂ ಹೆಚ್ಚು ಆಂಪಿಯರ್ ಬೇಕು, ನಮ್ಮ ಮನೆಯ ವೈರಿಂಗೇ ಕರಗೀತು. ನೋಡಬೇಕಾದದ್ದು ಆರ್.ಎಂ.ಎಸ್. ಎಂದು ಸಣ್ಣಕ್ಷರದಲ್ಲಿ ಬರೆದ ಅಂಕಿ. ಮನೆಯ ನಡುಮನೆಗೆ 40ರಿಂದ 60 ವ್ಯಾಟ್ ಬೇಕಾದಷ್ಟಾಯಿತು. ಸಕಲೇಶಪುರದಲ್ಲೋ ಹಾಸನದಲ್ಲೋ ಅದಕ್ಕೆ ಸರ್ವಿಸ್ ಇದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿ, ಕೋನಿನ ಅಂಚು ರಬ್ಬರಿನದೇ ನೋಡಿ, ಬಿಲ್ಲಿಲ್ಲದೆ ಕೊಳ್ಳಬೇಡಿ.

ಹಳೆಯದನ್ನು ಹಳ್ಳಕ್ಕೆ ಎಸೆಯುವುದಾಗಲಿ, ತಾಮ್ರ ತೆಗೆಯಲೆಂದು ವೈರು ಸುಡುವುದಾಗಲಿ ಕೂಡದು. ಬೆಸುಗೆಯಲ್ಲಿ ಸೀಸವಿರಬಹುದು. ವೈರಿನ ಹೊಗೆ ಮಕ್ಕಳ ಶ್ವಾಸಕೋಶಕ್ಕೆ ಹೋಗುತ್ತದೆ, ಹಳ್ಳದ ನೀರನ್ನು ಕೆಳಗಿನ ಊರಿನವರು ಕುಡಿಯುತ್ತಾರೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ಇಂಥ ವಸ್ತುಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ರಿಪೇರಿ ಅಂಗಡಿಯವರೂ ಹಳೆಯ ಟ್ರಾನ್ಸ್‌ಫಾರ್ಮರ್ ಮತ್ತು ಸ್ಪೀಕರಿಗಾಗಿ ಅಷ್ಟಿಷ್ಟು ಕೊಟ್ಟು ತೆಗೆದುಕೊಳ್ಳುವುದುಂಟು.

ರಿಪೇರಿಗೆಂದು ಹೊರಡುವವರು ದೊಡ್ಡ ಪೆಟ್ಟಿಗೆಯ ಜೊತೆಗೆ ರಿಮೋಟು, ಆಕ್ಸ್ ವೈರು, ಒಂದು ಸಣ್ಣ ಡಬ್ಬಿ, ಇವನ್ನೂ ಒಯ್ಯಿರಿ. ಇವಿಲ್ಲದೆ ಅಂಗಡಿಯಲ್ಲಿ ಪೂರ್ತಿ ಪರೀಕ್ಷೆಯಾಗದೆ ಎರಡನೆಯ ಸಲ ಅಲೆಯಬೇಕಾಗುತ್ತದೆ. ಬೆಳಗಿನ ಬಸ್ಸಿಗೇ ಹೋಗಿ, ಕತ್ತಲೆಗೆ ಮುಂಚೆ ಊರು ಸೇರುವಂತೆ ಹೊರಡಿ. ಆನೆಗಳು ಓಡಾಡುವ ನಮ್ಮ ದಾರಿಗಳಲ್ಲಿ ಹತ್ತು ಹನ್ನೆರಡು ಕಿಲೋ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತವರು ಪಕ್ಕಕ್ಕೆ ತಿರುಗಿ ನೋಡಲೂ ಆಗುವುದಿಲ್ಲ. ತಡವಾದರೆ ಪೆಟ್ಟಿಗೆಯನ್ನು ಬಸ್ ಸ್ಟಾಪಿನ ಹತ್ತಿರದ ಅಂಗಡಿಯಲ್ಲಿ ಬಿಟ್ಟು, ಜೊತೆಗಾರರೊಂದಿಗೆ ಬರಿಗೈಯಲ್ಲಿ ಮನೆಗೆ ಬನ್ನಿ, ಬೆಳಗ್ಗೆ ಹೋಗಿ ತಂದರಾಯಿತು.